ಡಯಾಲಿಸಿಸ್ ರೋಗಿಗಳ ಒಣಬಾಯಿ: ಮನೆಯವರೂ ಭೇಟಿಗೆ ಹೋಗುವವರೂ ತಿಳಿದಿರಬೇಕಾದುದು

ಕೊಳ್ಳೇಗಾಲ, ಹನೂರು, ಯಳಂದೂರು ಕಡೆಯಾಗಲಿ, ನಮ್ಮ ಕರಾವಳಿಯಾಗಲಿ, ರೋಗಿಯನ್ನು ನೋಡಲು ಹೋಗುವವರ ಕೈಯಲ್ಲಿ ಎಳನೀರು ಇರುವುದು ವಾಡಿಕೆ. ರೋಗಿಗೆ ಡಯಾಲಿಸಿಸ್ ನಡೆಯುತ್ತಿದ್ದರೆ ದಯವಿಟ್ಟು ಅದನ್ನು ಒಯ್ಯಬೇಡಿ ಎಂದು ನಾವು ಮೊದಲೇ ಕೇಳಿಕೊಳ್ಳುತ್ತೇವೆ. ಎಳನೀರಿನಲ್ಲಿ ಪೊಟ್ಯಾಸಿಯಂ ಹೆಚ್ಚು. ಕೆಲಸ ನಿಲ್ಲಿಸಿದ ಮೂತ್ರಪಿಂಡಗಳು ಅದನ್ನು ಹೊರಹಾಕಲಾರವು. ರಕ್ತದಲ್ಲಿ ಅದು ಏರಿದರೆ ಹೃದಯವೇ ನಿಲ್ಲಬಹುದು. ಕತ್ತರಿಸಿದರೆ ನಕ್ಷತ್ರದಂತೆ ಕಾಣುವ ದಾರೆಹುಳಿಯೂ ಇಂಥವರಿಗೆ ವಿಷವೇ ಸರಿ.

ಹಾಗಾದರೆ ಒಣಗಿದ ಬಾಯಿಗೆ ಏನು ಕೊಡುವುದು? ಮೂತ್ರ ಕಡಿಮೆಯಾದವರಿಗೆ ವೈದ್ಯರು ಸಾಮಾನ್ಯವಾಗಿ ದಿನದ ಮೂತ್ರದಷ್ಟು ಮತ್ತು ಅದರ ಮೇಲೆ ಸುಮಾರು 500 ಮಿಲಿ ದ್ರವವನ್ನಷ್ಟೇ ಅನುಮತಿಸುತ್ತಾರೆ. ಹೆಚ್ಚಾಗಿ ಕುಡಿದ 1 ಲೀಟರ್ ದೇಹದಲ್ಲಿ 1 ಕಿಲೋ ಭಾರವಾಗಿ ಉಳಿಯುತ್ತದೆ. ಕಾಲು ಊದುತ್ತದೆ, ಶ್ವಾಸಕೋಶದಲ್ಲಿ ನೀರು ತುಂಬಿ ರಾತ್ರಿ ಉಸಿರು ಕಟ್ಟುತ್ತದೆ.

ಬಾಯಾರಿಕೆಗೆ ಮುಖ್ಯ ಕಾರಣ ಉಪ್ಪು. ಉಪ್ಪು ತಿಂದವರಿಗೆ ನೀರು ಬೇಡವೆಂದರೆ ಅದು ನಡೆಯುವ ಮಾತಲ್ಲ. ಎಲ್ಲ ಸೇರಿ ದಿನಕ್ಕೆ 5 ಗ್ರಾಂ, ಅಂದರೆ ಒಂದು ಟೀ ಚಮಚ ದಾಟಬಾರದು. ಮುದ್ದೆಯ ಜೊತೆಗಿನ ಸಾರು ಉಪ್ಪೂ ಹೌದು, ನೀರೂ ಹೌದು. ಗಂಜಿ, ಮಜ್ಜಿಗೆ, ಕಾಫಿ ಕೂಡ ಲೆಕ್ಕಕ್ಕೆ ಸೇರಬೇಕು. ಉಪ್ಪಿನಕಾಯಿ, ಹಪ್ಪಳ, ಒಣಮೀನು ದೂರವಿರಲಿ. ಅಂಗಡಿಯ 'ಕಡಿಮೆ ಸೋಡಿಯಂ' ಉಪ್ಪಿನಲ್ಲಿ ಪೊಟ್ಯಾಸಿಯಂ ಇರುವುದರಿಂದ ಅದೂ ಬೇಡ.

ಬಾಯಾರಿಕೆ ಇಲ್ಲದೆಯೂ ಬಾಯಿ ಒಣಗುವುದುಂಟು. ಜೊಲ್ಲುರಸ ಕಡಿಮೆಯಾಗುವುದು, ಕೆಲವು ಮಾತ್ರೆಗಳು, ಬಾಯಿಯಿಂದ ಉಸಿರಾಡುವುದು ಇದಕ್ಕೆ ಕಾರಣ. ಸಕ್ಕರೆ ಕಾಯಿಲೆ ಹತೋಟಿ ತಪ್ಪಿದರೆ ಬಾಯಿಯೂ ಒಣಗುತ್ತದೆ, ಬಾಯಾರಿಕೆಯೂ ಹೆಚ್ಚುತ್ತದೆ. ತಣ್ಣೀರಿನಿಂದ ಬಾಯಿ ಮುಕ್ಕಳಿಸಿ ಉಗುಳುವುದು ಎಲ್ಲಕ್ಕಿಂತ ಸುಲಭ, ಖರ್ಚೂ ಇಲ್ಲ. ಸಣ್ಣ ಐಸ್ ಚೂರನ್ನು ಚೀಪಬಹುದು, ಆದರೆ ಅದೂ ನೀರೇ. ಸಕ್ಕರೆರಹಿತ ಚೂಯಿಂಗ್ ಗಮ್ ಜಗಿದರೆ ಜೊಲ್ಲು ಬರುತ್ತದೆ. ಮಾರ್ಟಳ್ಳಿಯಂಥ ದೂರದ ಊರಿನಿಂದ ಹನೂರು ದಾಟಿ ಕೊಳ್ಳೇಗಾಲಕ್ಕೆ ಬಸ್ಸಿನಲ್ಲಿ ಬರುವವರಿಗೆ ಇದು ಅನುಕೂಲ. ದೊಡ್ಡ ಲೋಟದ ಬದಲು ಚಿಕ್ಕ ಲೋಟ ಬಳಸಲಿ. ತುಟಿಗೆ ವ್ಯಾಸಲಿನ್ ಹಚ್ಚಿ. ತಂಬಾಕು ಹಾಕಿದ ಎಲೆಅಡಿಕೆ ಬಿಡಬೇಕು. ಜೊಲ್ಲು ಕಡಿಮೆಯಾದರೆ ಹಲ್ಲು ಬೇಗ ಹುಳುಕಾಗುವುದರಿಂದ ದಿನಕ್ಕೆರಡು ಬಾರಿ ಹಲ್ಲುಜ್ಜುವುದು ಅಗತ್ಯ.

ಮನೆಗೆ ಪರಮಪ್ರಸಾದ ಒಯ್ಯುವವರಿಗೆ ಒಂದು ಮಾತು. ಒಣಬಾಯಿಯಲ್ಲಿ ಅದು ಅಂಗಳಕ್ಕೆ ಅಂಟಿಕೊಳ್ಳುತ್ತದೆ. ಚಿಕ್ಕ ತುಂಡು ಕೊಟ್ಟು ಒಂದು ಚಮಚ ನೀರು ಕುಡಿಸಿ. ಒಂದು ಗಂಟೆಯ ಉಪವಾಸದ ನಿಯಮ ರೋಗಿಗಳಿಗೂ ಅವರ ಆರೈಕೆ ಮಾಡುವವರಿಗೂ ಕಡ್ಡಾಯವಲ್ಲ.

ನಾಲಿಗೆಯ ಮೇಲೆ ಬಿಳಿ ಪದರ ಅಥವಾ ಹುಣ್ಣು ಕಂಡರೆ ಡಯಾಲಿಸಿಸ್ ಘಟಕದಲ್ಲಿ ತೋರಿಸಬೇಕು. ಮಲಗಿದಾಗ ಏದುಸಿರು ಬಂದರೆ ಮುಂದಿನ ಸರದಿಗೆ ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ.