ಸಂಪನ್ನ ನಗರದಲ್ಲಿ ಹಸಿವು: 1899ರ ಯಾರ್ಕ್ ಸಮೀಕ್ಷೆಯ ವಿವೇಚನೆ

ಬರಗಾಲದ ಚರಿತ್ರೆಯನ್ನು ಬರೆಯುವವನಿಗೆ ಸಾಧನಸಾಮಗ್ರಿಯ ಕೊರತೆಯಿಲ್ಲ. ಮಳೆಯ ಲೆಕ್ಕ, ಧಾನ್ಯದ ಧಾರಣೆ, ಗಂಜಿಕೇಂದ್ರಗಳ ವರದಿ, ಮರಣಗಳ ಪಟ್ಟಿ ಇವು ಸರ್ಕಾರದ ದಫ್ತರಗಳಲ್ಲಿ ದೊರೆಯುತ್ತವೆ. ಆದರೆ ಅಂಗಡಿಗಳು ತುಂಬಿರುವ ಊರಿನಲ್ಲಿ, ದಿನವೂ ದುಡಿಯುವ ಮನೆಯವರೇ ಅರೆಹೊಟ್ಟೆ ಉಣ್ಣುತ್ತಿದ್ದರೆ ಆ ಸಂಗತಿ ಸುಲಭವಾಗಿ ದಾಖಲೆಗೆ ಬರುವುದಿಲ್ಲ. ಇಂತಹ ಹಸಿವನ್ನು ಬೆಳಕಿಗೆ ತಂದ ಪ್ರಯತ್ನಗಳಲ್ಲಿ ಇಂಗ್ಲೆಂಡಿನ ಯಾರ್ಕ್ ನಗರದಲ್ಲಿ 1899ರಲ್ಲಿ ನಡೆದ ಸಮೀಕ್ಷೆಯು ಮುಖ್ಯವಾದುದು. ಪ್ರಕೃತ ಲೇಖನದಲ್ಲಿ ನಾವು ವಿವೇಚಿಸಲು ಹೊರಟಿರುವುದು ಅದನ್ನೇ.

ಆಗ ಯಾರ್ಕ್ ದರಿದ್ರ ನಗರವಾಗಿರಲಿಲ್ಲ. ನಾರ್ತ್ ಈಸ್ಟರ್ನ್ ರೈಲ್ವೆಯ ಕೇಂದ್ರ ಕಚೇರಿಯೂ ಕಾರ್ಯಾಗಾರಗಳೂ ಅಲ್ಲಿದ್ದವು. ಕೋಕೋ ಮತ್ತು ಮಿಠಾಯಿಯ ಕಾರ್ಖಾನೆಗಳು ಬೆಳೆಯುತ್ತಿದ್ದವು. ವ್ಯಾಪಾರವೂ ಕುಗ್ಗಿರಲಿಲ್ಲ. ಇದಕ್ಕೆ ಕೆಲವು ವರ್ಷಗಳ ಮೊದಲೇ ಚಾರ್ಲ್ಸ್ ಬೂತ್ ಎಂಬಾತನು ಲಂಡನ್ ನಗರದ ಜನರಲ್ಲಿ ಶೇಕಡ 30.7ರಷ್ಟು ಮಂದಿ ಬಡತನದಲ್ಲಿರುವರೆಂದು ತೋರಿಸಿದ್ದನು. ಇದು ಮಹಾನಗರದ ವಿಶೇಷ ವ್ಯಾಧಿಯೋ, ಸಾಮಾನ್ಯ ಪಟ್ಟಣಗಳಲ್ಲಿಯೂ ಇರುವುದೋ ಎಂಬ ಪ್ರಶ್ನೆಗೆ ಉತ್ತರವಿರಲಿಲ್ಲ. ಕೋಕೋ ಉದ್ಯಮಿ ಜೋಸೆಫ್ ರೌನ್‌ಟ್ರೀಯ ಮಗನಾದ ಸೀಬೋಮ್ ರೌನ್‌ಟ್ರೀ (1871–1954) ತನ್ನ ಊರಿನಲ್ಲಿಯೇ ಇದನ್ನು ಪರೀಕ್ಷಿಸಲು ತೊಡಗಿದನು. ಮನೆಯಿಂದ ಮನೆಗೆ ನಡೆದ ವಿಚಾರಣೆಯು 11,560 ಕಾರ್ಮಿಕ ಕುಟುಂಬಗಳನ್ನು, ಅಂದರೆ 46,754 ಜನರನ್ನು ಒಳಗೊಂಡಿತು. ಅದರ ಫಲವಾದ ಗ್ರಂಥವು 1901ರಲ್ಲಿ ಪ್ರಕಟವಾಯಿತು.

ರೌನ್‌ಟ್ರೀಯ ವಿಧಾನವು ಗಮನಾರ್ಹವಾದುದು. ಬಡತನವೆಂದರೇನು ಎಂಬುದನ್ನು ಅವನು ಮೊದಲು ಆಹಾರದ ಲೆಕ್ಕದಿಂದಲೇ ನಿರ್ಣಯಿಸಿದನು. ಅಮೆರಿಕದ ಅಟ್‌ವಾಟರ್ ನಡೆಸಿದ್ದ ಶೋಧನೆಗಳನ್ನೂ ಸ್ಕಾಟ್‌ಲೆಂಡಿನ ಸೆರೆಮನೆಗಳಲ್ಲಿ ನಡೆದಿದ್ದ ಆಹಾರದ ಪ್ರಯೋಗಗಳನ್ನೂ ಅನುಸರಿಸಿ, ಮಿತವಾಗಿ ದುಡಿಯುವ ಗಂಡಸಿಗೆ ದಿನಕ್ಕೆ 3,500 ಕ್ಯಾಲೊರಿಗಳೂ 125 ಗ್ರಾಂ ಸಸಾರಜನಕವೂ ಬೇಕೆಂದು ಹಿಡಿದನು. ಅವನು ಗೊತ್ತುಮಾಡಿದ ಊಟವು ಅನಾಥಾಲಯಕ್ಕೆ ಸಮಾನವಾದ ಅಲ್ಲಿನ ‘ವರ್ಕ್‌ಹೌಸು’ಗಳ ಊಟಕ್ಕಿಂತಲೂ ಅಗ್ಗವಾಗಿದ್ದಿತು, ಕಸಾಯಿ ಅಂಗಡಿಯ ಮಾಂಸಕ್ಕೆ ಅದರಲ್ಲಿ ಸ್ಥಾನವಿರಲಿಲ್ಲ. ಗಂಡ, ಹೆಂಡತಿ, ಮೂವರು ಮಕ್ಕಳುಳ್ಳ ಕುಟುಂಬಕ್ಕೆ ವಾರಕ್ಕೆ ಆಹಾರಕ್ಕೆ 12 ಷಿಲ್ಲಿಂಗು 9 ಪೆನ್ಸು, ಬಾಡಿಗೆಗೆ 4 ಷಿಲ್ಲಿಂಗು, ಬಟ್ಟೆ ಸೌದೆ ದೀಪ ಮೊದಲಾದುವಕ್ಕೆ 4 ಷಿಲ್ಲಿಂಗು 11 ಪೆನ್ಸು, ಒಟ್ಟು 21 ಷಿಲ್ಲಿಂಗು 8 ಪೆನ್ಸು ಬೇಕೆಂದು ಲೆಕ್ಕ ಹಾಕಿದನು. ವೃತ್ತಪತ್ರಿಕೆ, ಹೊಗೆಸೊಪ್ಪು, ಪ್ರಯಾಣ ಇವಾವುವಕ್ಕೂ ಇದರಲ್ಲಿ ಒಂದು ಪೆನ್ನಿಯೂ ಇಲ್ಲ. ಇಷ್ಟು ಕಟುವಾದ ರೇಖೆಯನ್ನು ಎಳೆದುದರಿಂದ, ಅದರ ಕೆಳಗೆ ಬಿದ್ದವರು ದುಂದುಗಾರರೆಂದು ಹೇಳಲು ಯಾರಿಗೂ ಅವಕಾಶವುಳಿಯಲಿಲ್ಲ.

ಫಲಿತಾಂಶವೇನು? ಇಷ್ಟು ಆದಾಯವೂ ಇಲ್ಲದವರು 7,230 ಮಂದಿ, ನಗರದ ಜನಸಂಖ್ಯೆಯಲ್ಲಿ ಶೇಕಡ 9.91. ಇದನ್ನು ಅವನು ಪ್ರಾಥಮಿಕ ಬಡತನವೆಂದು ಕರೆದನು. ಆದಾಯವು ಸಾಕಷ್ಟಿದ್ದರೂ ಅದರ ಒಂದಂಶ ಬೇರೆ ವೆಚ್ಚಗಳಿಗೆ ಹೋಗಿ ಕೊರತೆಗೆ ಸಿಕ್ಕವರು ಶೇಕಡ 17.93. ಎರಡೂ ಸೇರಿ 20,302 ಮಂದಿ, ಶೇಕಡ 27.84. ಎರಡನೆಯ ವರ್ಗದ ಎಣಿಕೆಯು ಭೇಟಿಯಿತ್ತವರ ಕಣ್ಣಳತೆಯನ್ನು ಅವಲಂಬಿಸಿದ್ದುದರಿಂದ ಅದು ವಿವಾದಕ್ಕೆ ಎಡೆಕೊಟ್ಟಿದೆ. ಆದರೆ ಮೊದಲನೆಯ ವರ್ಗದ ಕಾರಣಗಳ ಪಟ್ಟಿಯು ಸ್ಪಷ್ಟವಾಗಿದೆ. ಅವರಲ್ಲಿ ಶೇಕಡ 51.96ರಷ್ಟು ಮಂದಿ ಇದ್ದ ಮನೆಗಳಲ್ಲಿ ಯಜಮಾನನಿಗೆ ಕ್ರಮವಾದ ಕೆಲಸವಿದ್ದಿತು, ಕೂಲಿಯೇ ಸಾಲದಾಗಿದ್ದಿತು. ನಿರುದ್ಯೋಗದಿಂದ ಬಡವರಾದವರು ಶೇಕಡ 2.31 ಮಾತ್ರ. ಕುಶಲತೆಯಿಲ್ಲದ ಕೆಲಸಗಾರನ ವಾರದ ಕೂಲಿ ಅಲ್ಲಿ 18ರಿಂದ 21 ಷಿಲ್ಲಿಂಗುಗಳಷ್ಟಿದ್ದಿತೆಂಬುದನ್ನು ನೆನೆದರೆ ಇದರಲ್ಲಿ ಆಶ್ಚರ್ಯವಿಲ್ಲ.

ಈ ಹಸಿವು ನೆರೆಹೊರೆಯವರ ಕಣ್ಣಿಗೆ ಏಕೆ ಬೀಳಲಿಲ್ಲವೆಂಬುದೇ ನಮ್ಮ ಮುಖ್ಯ ಪ್ರಶ್ನೆ. ಉತ್ತರವು ಗೃಹಕೃತ್ಯದ ಲೆಕ್ಕದಲ್ಲಿದೆ. ಬಾಡಿಗೆಯನ್ನು ತಪ್ಪಿಸಿದರೆ ಮನೆ ಬಿಡಬೇಕು. ಮಗುವಿಗೆ ಜೋಡು ಇಲ್ಲದಿದ್ದರೆ ಬೀದಿಯವರು ಕಾಣುತ್ತಾರೆ. ಊಟವನ್ನು ಕಡಮೆ ಮಾಡಿದರೆ ಯಾರೂ ಕಾಣುವುದಿಲ್ಲ. ಆದುದರಿಂದ ಹೆಚ್ಚಿನ ವೆಚ್ಚ ಬಂದಾಗಲೆಲ್ಲ ಕತ್ತರಿ ಬೀಳುತ್ತಿದ್ದುದು ಅಡಿಗೆಮನೆಯ ಮೇಲೆ. ಅಲ್ಲಿಯೂ ದುಡಿಯುವ ಗಂಡಸಿಗೆ ಬುತ್ತಿ ತಪ್ಪುವಂತಿರಲಿಲ್ಲ. ತಪ್ಪುತ್ತಿದ್ದುದು ತಾಯಿಗೆ, ಕೆಲವೊಮ್ಮೆ ಮಕ್ಕಳಿಗೆ. ಎಷ್ಟೋ ವೇಳೆ ಇದು ಗಂಡನಿಗೂ ತಿಳಿಯುತ್ತಿರಲಿಲ್ಲವೆಂಬುದು ಸಮೀಕ್ಷೆಯಿಂದಲೇ ವ್ಯಕ್ತವಾಗುತ್ತದೆ. ಮರೆಯಾದ ಈ ಕೊರತೆ ಶರೀರಗಳಲ್ಲಿ ಪ್ರಕಟವಾಯಿತು. ಕಾರ್ಮಿಕರಲ್ಲಿ ಅತ್ಯಂತ ಬಡವರ ಭಾಗದಲ್ಲಿ ಸಾವಿರ ಶಿಶುಗಳಿಗೆ 247 ವರ್ಷ ತುಂಬುವ ಮೊದಲೇ ಸಾಯುತ್ತಿದ್ದರೆ, ಆಳುಗಳನ್ನಿಟ್ಟುಕೊಂಡಿದ್ದ ವರ್ಗದಲ್ಲಿ ಆ ಸಂಖ್ಯೆ 94 ಆಗಿದ್ದಿತು. ಬಡವರ ಹದಿಮೂರು ವರ್ಷದ ಹುಡುಗರು ಉತ್ತಮ ಸ್ಥಿತಿಯ ಕಾರ್ಮಿಕರ ಮಕ್ಕಳಿಗಿಂತ ಮೂರು ಅಂಗುಲಕ್ಕೂ ಹೆಚ್ಚು ಕುಳ್ಳಾಗಿದ್ದರು.

ಇಲ್ಲಿ ಭಾರತಕ್ಕೆ ಸಂಬಂಧಿಸಿದ ಒಂದು ಸಂಗತಿಯನ್ನು ಸ್ಮರಿಸುವುದು ಯುಕ್ತ. ರೌನ್‌ಟ್ರೀಗೆ ಬಹು ಮೊದಲೇ, 1876ರಲ್ಲಿ ಮುಂಬಯಿಯಲ್ಲಿ ಓದಿದ ಪ್ರಬಂಧದಲ್ಲಿ, ದಾದಾಭಾಯಿ ನವರೋಜಿಯವರು ಭಾರತೀಯನ ತಲಾ ವರಮಾನವನ್ನು ವರ್ಷಕ್ಕೆ 20 ರೂಪಾಯಿಗಳೆಂದು ಅಂದಾಜು ಮಾಡಿ, ಅದನ್ನು ಜೈಲಿನ ಕೈದಿಯ ಹಾಗೂ ಹಡಗು ಹತ್ತುವ ವಲಸೆ ಕೂಲಿಯ ಆಹಾರದ ವೆಚ್ಚದೊಡನೆ ಹೋಲಿಸಿದ್ದರು. ಅವರ ಗ್ರಂಥವೂ 1901ರಲ್ಲಿಯೇ ಲಂಡನ್ನಿನಲ್ಲಿ ಪ್ರಕಟವಾಯಿತು. ಒಬ್ಬರದು ಆಳಿಸಿಕೊಂಡ ದೇಶ, ಇನ್ನೊಬ್ಬನದು ಆಳುವ ದೇಶದ ಸಂಪನ್ನ ನಗರ. ಹಸಿವನ್ನು ಅಳೆಯಲು ಇಬ್ಬರಿಗೂ ಸೆರೆಮನೆಯ ತಟ್ಟೆಯೇ ನೆರವಾಯಿತೆಂಬುದು ವಿಚಾರಾರ್ಹ. ಸರ್ಕಾರವು ತಾನೇ ಹೊಣೆ ಹೊತ್ತು ಉಣಿಸುತ್ತಿದ್ದವರ ಊಟಕ್ಕೆ ಮಾತ್ರ ನಿಖರವಾದ ಲೆಕ್ಕವಿದ್ದಿತು. ಸ್ವತಂತ್ರವಾಗಿ ದುಡಿದುಣ್ಣುವವನ ಊಟಕ್ಕೆ ಲೆಕ್ಕವಿಟ್ಟವರಿರಲಿಲ್ಲ.

ಸಮೀಕ್ಷೆಯ ಪರಿಣಾಮವನ್ನು ಅತಿಶಯವಾಗಿ ಹೇಳಬೇಕಾಗಿಲ್ಲ. ಬೋಯರ್ ಯುದ್ಧದ ಕಾಲದಲ್ಲಿ (1899–1902) ಸೈನ್ಯಕ್ಕೆ ಬಂದ ಎಷ್ಟೋ ತರುಣರು ಅನರ್ಹರೆಂದು ತಿರಸ್ಕೃತರಾದುದು ಅಧಿಕಾರಸ್ಥರನ್ನು ಹೆಚ್ಚು ಕಳವಳಗೊಳಿಸಿತು. 1904ರಲ್ಲಿ ದೇಹಸ್ಥಿತಿಯ ಅವನತಿಯನ್ನು ಕುರಿತ ಸರ್ಕಾರಿ ಸಮಿತಿಯ ವರದಿ ಬಂದಿತು. 1906ರ ಶಾಸನವು ಶಾಲಾಮಕ್ಕಳಿಗೆ ಊಟ ಒದಗಿಸುವ ಅಧಿಕಾರವನ್ನು ಸ್ಥಳೀಯ ಸಂಸ್ಥೆಗಳಿಗೆ ಕೊಟ್ಟಿತು. ರೌನ್‌ಟ್ರೀ 1936ರಲ್ಲಿ ಮತ್ತೆ ಯಾರ್ಕ್ ನಗರವನ್ನು ಪರಿಶೀಲಿಸಿದನು. ಹಳೆಯ ರೇಖೆಯನ್ನು ತಾನೇ ಸಾಲದೆಂದು ಕಂಡು ಮೇಲಕ್ಕೇರಿಸಿ ಅಳೆದಾಗ, ಕಾರ್ಮಿಕ ವರ್ಗದ ಶೇಕಡ 31.1ರಷ್ಟು ಮಂದಿ ಅದರ ಕೆಳಗಿದ್ದರು.

ಇದರಿಂದ ಚರಿತ್ರೆಯ ಅಭ್ಯಾಸಿಗಳಾದ ನಾವು ಗ್ರಹಿಸಬೇಕಾದುದು ಇಷ್ಟು. ಒಂದು ಪ್ರದೇಶದ ಸಮೃದ್ಧಿಯನ್ನು ಅದರ ಉತ್ಪನ್ನದಿಂದಲೂ ಸರಾಸರಿ ವರಮಾನದಿಂದಲೂ ನಿರ್ಣಯಿಸಿದರೆ, ಹಸಿವು ಇಲ್ಲವೆಂದು ಸಿದ್ಧವಾಗುವುದಿಲ್ಲ. ಅದನ್ನು ಯಾರೂ ಅಳೆದಿಲ್ಲವೆಂದು ಮಾತ್ರ ಆಗುತ್ತದೆ. ನೀರಾವರಿಯಿಂದಲೋ ಕೈಗಾರಿಕೆಯಿಂದಲೋ ಸಂಪನ್ನವಾದ ನಮ್ಮ ಜಿಲ್ಲೆಗಳ ಚರಿತ್ರೆಯನ್ನು ಬರೆಯುವಾಗಲೂ ಬಾಡಿಗೆ ಚೀಟಿ, ಅಂಗಡಿಯ ಸಾಲದ ಪುಸ್ತಕ, ಶಾಲೆಯ ತೂಕದ ಪಟ್ಟಿ, ಶಿಶುಮರಣದ ದಾಖಲೆಗಳನ್ನು ಕಂದಾಯದ ಲೆಕ್ಕಗಳಷ್ಟೇ ಶ್ರದ್ಧೆಯಿಂದ ಹುಡುಕಿ ಓದುವುದು ಅವಶ್ಯಕ.