ವಸತಿಶಾಲೆಯ ಭೂತ ಮತ್ತು ಹೊಲಿದಿಟ್ಟ ಪತ್ರಗಳು

ಹೆಣ್ಣುಮಕ್ಕಳ ವಸತಿಶಾಲೆ ಎಂದ ಮೇಲೆ ಅಲ್ಲೊಂದು ದೆವ್ವದ ಕಥೆ ಇರಲೇಬೇಕು. ನಾನು ಸೇವೆಯಲ್ಲಿದ್ದ ಊರೊಂದರ ಹಾಸ್ಟೆಲಿನಲ್ಲಿಯೂ ರಾತ್ರಿ ಬಾವಿಕಟ್ಟೆಯ ಬಳಿ ಗೆಜ್ಜೆಯ ಸದ್ದು ಕೇಳಿಸುತ್ತದೆಂಬ ಪ್ರತೀತಿಯಿತ್ತು. ಕೇಳಿಸಿಕೊಂಡವರು ಮಾತ್ರ ಯಾವಾಗಲೂ ಹಿಂದಿನ ವರ್ಷದ ಬ್ಯಾಚಿನವರು! ಅಂಥ ಭೂತವೊಂದು ಸುಳಿಯುವ ಆಂಗ್ಲ ಕಾದಂಬರಿ ‘ವಿಲೆಟ್’. ‘ಜೇನ್ ಐರ್’ ಬರೆದ ಷಾರ್ಲೆಟ್ ಬ್ರಾಂಟೆಯ ಈ ಕೃತಿ 1853ರಲ್ಲಿ ಪ್ರಕಟವಾಯಿತು. ಅದರ ಹಿಂದಿನ ನಿಜ ಸಂಗತಿಯು ಅಧ್ಯಾಪಕನಾದ ನನ್ನನ್ನು ಬಹುಕಾಲದಿಂದ ಕಾಡುತ್ತಿದೆ.

ಷಾರ್ಲೆಟ್ ಹುಟ್ಟಿದ್ದು 1816ರಲ್ಲಿ. ತಂದೆ ಇಂಗ್ಲೆಂಡಿನ ಯಾರ್ಕ್‌ಷೈರಿನ ಹಾವರ್ತ್ ಎಂಬ ಊರಿನ ಪಾದ್ರಿ. ತಾವೇ ಒಂದು ಶಾಲೆ ತೆರೆಯಬೇಕೆಂಬುದು ಸಹೋದರಿಯರ ಹಂಬಲ. ಅದಕ್ಕೆ ಫ್ರೆಂಚ್ ಭಾಷೆ ಬೇಕೆಂದು 1842ರ ಫೆಬ್ರವರಿಯಲ್ಲಿ ಷಾರ್ಲೆಟ್ ಮತ್ತು ತಂಗಿ ಎಮಿಲಿ ಬ್ರಸೆಲ್ಸ್ ನಗರದ ಹೆಣ್ಣುಮಕ್ಕಳ ವಸತಿಶಾಲೆಯೊಂದನ್ನು ಸೇರಿದರು. ಆಗ ಅಕ್ಕನಿಗೆ 25 ವರ್ಷ, ಸಹಪಾಠಿಗಳೆಲ್ಲ ಹದಿಹರೆಯದವರು. ಶಾಲೆಯ ಒಡತಿ ಜೋಯಿ ಹೇಗರ್. ಸಾಹಿತ್ಯ ಪಾಠ ಹೇಳುತ್ತಿದ್ದವರು ಆಕೆಯ ಪತಿ ಕಾನ್‌ಸ್ಟಾಂಟಿನ್ ಹೇಗರ್. ಮುಂಗೋಪಿ, ಆದರೆ ಅಪ್ಪಟ ಮೇಷ್ಟ್ರು. ದೊಡ್ಡ ಲೇಖಕರ ಗದ್ಯವನ್ನು ಓದಿಸಿ, ಅದೇ ಜಾಡಿನಲ್ಲಿ ಪ್ರಬಂಧ ಬರೆಯಿಸಿ, ಪುಟದ ಅಂಚಿನ ತುಂಬ ತಿದ್ದುತ್ತಿದ್ದರು. ಎಮಿಲಿಗೆ ಈ ಅನುಕರಣೆ ಸರಿಬೀಳಲಿಲ್ಲ. ಷಾರ್ಲೆಟ್ ಮಾತ್ರ ಆ ತಿದ್ದುಪಡಿಗಳಿಗೆ ಮನಸೋತಳು. ತನ್ನ ಬರಹವನ್ನು ಅಷ್ಟು ಶ್ರದ್ಧೆಯಿಂದ ಓದಿದ ಗುರು ಆಕೆಗೆ ಅದಕ್ಕೆ ಮೊದಲು ಸಿಕ್ಕಿರಲಿಲ್ಲವೆಂದು ನನ್ನ ಊಹೆ.

ದೊಡ್ಡಮ್ಮನ ಸಾವಿನಿಂದಾಗಿ ಇಬ್ಬರೂ ಊರಿಗೆ ಮರಳಿದರು. 1843ರ ಜನವರಿಯಲ್ಲಿ ಷಾರ್ಲೆಟ್ ಒಬ್ಬಳೇ ಮತ್ತೆ ಹೊರಟಳು, ಈಗ ವರ್ಷಕ್ಕೆ 16 ಪೌಂಡ್ ಸಂಬಳದ ಶಿಕ್ಷಕಿಯಾಗಿ. ಆ ಬೇಸಿಗೆಯ ದೀರ್ಘ ರಜೆಯಲ್ಲಿ ಬರಿದಾದ ವಸತಿಶಾಲೆಯಲ್ಲಿ ಉಳಿದ ಆಕೆ, ಪ್ರಾಟೆಸ್ಟೆಂಟ್ ಪಾದ್ರಿಯ ಮಗಳಾಗಿದ್ದರೂ ಸೇಂಟ್ ಗುಡುಲಾ ಇಗರ್ಜಿಯಲ್ಲಿ ಕ್ಯಾಥೊಲಿಕ್ ಗುರುವಿನ ಮುಂದೆ ಪಾಪನಿವೇದನೆ ಮಾಡಿದಳು. ಏನು ಹೇಳಿಕೊಂಡಳೆಂದು ಎಮಿಲಿಗೂ ತಿಳಿಸಲಿಲ್ಲ. ವಿಷಯವನ್ನು ಅಪ್ಪನಿಗೆ ಹೇಳಬೇಡವೆಂದು ಮಾತ್ರ ಬರೆದಳು. 1844ರ ಹೊಸವರ್ಷದ ದಿನ ಬ್ರಸೆಲ್ಸ್ ಬಿಟ್ಟಳು. ಊರಿನಲ್ಲಿ ಶಾಲೆಯ ಪ್ರಕಟಣೆ ಅಚ್ಚಾಯಿತು. ಒಬ್ಬ ವಿದ್ಯಾರ್ಥಿನಿಯೂ ಬರಲಿಲ್ಲ.

ಆ ಬಳಿಕ ಗುರುವಿಗೆ ಬರೆದ ಪತ್ರಗಳಲ್ಲಿ ನಾಲ್ಕು ಉಳಿದಿವೆ. ಉತ್ತರಕ್ಕಾಗಿ ಅಂಗಲಾಚುವ ಪತ್ರಗಳವು. ಆರು ತಿಂಗಳಿಗೊಂದು ಪತ್ರವೆಂಬ ಮಿತಿಗೆ ಒಳಪಟ್ಟು ದಿನ ಎಣಿಸುತ್ತಿದ್ದಳು. ಹೇಗರ್ ಅವುಗಳಲ್ಲಿ ಕೆಲವನ್ನು ಹರಿದು ಎಸೆದರು. ಪತ್ನಿ ಆ ಚೂರುಗಳನ್ನು ಆಯ್ದು ಜೋಡಿಸಿದರು, ದಾರದಿಂದ ಹೊಲಿದರು. ಏಕೆ? ಗಂಡನ ನಿರ್ದೋಷಕ್ಕೆ ಸಾಕ್ಷಿಯಾಗಲೆಂದೋ, ಸಂಶಯದಿಂದಲೋ; ವಿದ್ವಾಂಸರು ಇಂದಿಗೂ ಚರ್ಚಿಸುತ್ತಾರೆ. ಶಾಲೆಯೊಂದರ ಮಾನ ಕಾಯಬೇಕಾಗಿದ್ದ ಆ ಹೆಣ್ಣುಮಗಳ ಕಷ್ಟ ನನಗೆ ಅರ್ಥವಾಗುತ್ತದೆ.

ಇನ್ನು ಕಾದಂಬರಿ. ವಿಲೆಟ್ ನಗರದ ವಸತಿಶಾಲೆಯು ಹಿಂದೆ ಕ್ರೈಸ್ತ ಮಠವಾಗಿತ್ತಂತೆ. ವ್ರತಭಂಗ ಮಾಡಿದ ಸನ್ಯಾಸಿನಿಯೊಬ್ಬಳನ್ನು ತೋಟದ ಹಳೆಯ ಪೇರ್ ಮರದಡಿ ಜೀವಂತ ಹೂಳಿದರಂತೆ. ಶಿಕ್ಷಕಿ ಲೂಸಿ ಸ್ನೋ ತಾನು ಮೆಚ್ಚಿದ ವೈದ್ಯನ ಪತ್ರವನ್ನು ಅಟ್ಟದ ಮೇಲೆ ಕದ್ದು ಓದುವಾಗ ಆ ಸನ್ಯಾಸಿನಿಯೇ ಎದುರು ನಿಲ್ಲುತ್ತಾಳೆ! ಕೊನೆಗೆ ನೋಡಿದರೆ ಅದು ವಿದ್ಯಾರ್ಥಿನಿಯೊಬ್ಬಳನ್ನು ಕಾಣಲು ವೇಷ ಹಾಕಿಕೊಂಡು ಬರುತ್ತಿದ್ದ ಶೋಕಿಲಾಲ. ಭೂತ ಸುಳ್ಳಾಯಿತು. ಆದರೆ ಲೂಸಿ ಆ ವೈದ್ಯನ ಪತ್ರಗಳನ್ನು ಸೀಸೆಯಲ್ಲಿಟ್ಟು ಬಾಯಿ ಬಿಗಿದು ಅದೇ ಮರದ ಬುಡದಲ್ಲಿ ಹೂಳುವ ಪ್ರಸಂಗ ಸುಳ್ಳಲ್ಲವೆಂದು ನನ್ನ ಅನಿಸಿಕೆ. ಮುಂದೆ ಲೂಸಿಯನ್ನು ಪ್ರೀತಿಸುವ ಮುಂಗೋಪಿ ಅಧ್ಯಾಪಕ ಪಾಲ್ ಇಮ್ಯಾನ್ಯುಯಲ್‌ನಲ್ಲಿ ಹೇಗರ್ ಅವರ ಛಾಯೆ ಸ್ಪಷ್ಟ. ಆತನಿಂದ ಆಕೆಗೆ ಪತ್ರಗಳು ತಪ್ಪದೆ ಬರುತ್ತವೆ.

ಷಾರ್ಲೆಟ್ 1855ರಲ್ಲಿ ತೀರಿಕೊಂಡಳು. ಮರುವರ್ಷ ಹೇಗರ್ ಅವರನ್ನು ಕಂಡಿದ್ದ ಲೇಖಕಿ ಎಲಿಜಬೆತ್ ಗ್ಯಾಸ್ಕೆಲ್, 1857ರ ತಮ್ಮ ಜೀವನಚರಿತ್ರೆಯಲ್ಲಿ ಈ ಪ್ರಕರಣವನ್ನು ಮರೆಮಾಚಿದರು. 1913ರಲ್ಲಿ ಹೇಗರ್ ಮಕ್ಕಳು ಪತ್ರಗಳನ್ನು ಬ್ರಿಟಿಷ್ ಮ್ಯೂಸಿಯಮ್ಮಿಗೆ ಒಪ್ಪಿಸಿದರು. ಅದೇ ಜುಲೈನಲ್ಲಿ ‘ದಿ ಟೈಮ್ಸ್’ ಪತ್ರಿಕೆ ಅವನ್ನು ಪ್ರಕಟಿಸಿತು. ಈಗ ಅವು ಬ್ರಿಟಿಷ್ ಲೈಬ್ರರಿಯಲ್ಲಿವೆ. 1845ರ ನವೆಂಬರಿನ ಕಡೆಯ ಪತ್ರದ ಅಂಚಿನಲ್ಲಿ ಹೇಗರ್ ಚಮ್ಮಾರನೊಬ್ಬನ ವಿಳಾಸವನ್ನು ಪೆನ್ಸಿಲಿನಿಂದ ಗುರುತು ಹಾಕಿಕೊಂಡಿದ್ದಾರೆ.

ಇದನ್ನು ಓದಿದ ಮೇಲೆ ನನ್ನ ಹಳೆಯ ಟ್ರಂಕನ್ನು ತೆರೆದೆ. ಹಳೆಯ ವಿದ್ಯಾರ್ಥಿಗಳ ಇನ್‌ಲ್ಯಾಂಡ್ ಪತ್ರಗಳು ಒಂದು ಕಟ್ಟು ಸಿಕ್ಕವು. ಪಿಯುಸಿಗೆ ಸೇರಲು ಮನೆಯಲ್ಲಿ ಒಪ್ಪುತ್ತಿಲ್ಲ, ತಾವು ಅಪ್ಪನಿಗೆ ಒಂದು ಮಾತು ಬರೆಯಬೇಕು ಸಾರ್ ಎಂದು ಒಬ್ಬ ಹುಡುಗಿ ಕೇಳಿದ್ದಳು. ಬರೆದ ನೆನಪಿಲ್ಲ. ಅದರ ಹಿಂಬದಿಯಲ್ಲಿ ಹಾಲಿನವನ ತಿಂಗಳ ಲೆಕ್ಕವಿದೆ, ನನ್ನದೇ ಕೈಬರಹದಲ್ಲಿ.