ಟ್ಯಾಬ್ಲೆಟ್‌ನಲ್ಲಿ ಅಂತರ್ಜಾಲ ಸಂಪರ್ಕ ದೊರೆಯದಿದ್ದಾಗ ಅರ್ಜಿದಾರರು ಅನುಸರಿಸಬೇಕಾದ ಕ್ರಮಗಳು

ವಿಜಯನಗರ, ಹಂಪಿನಗರ, ಅತ್ತಿಗುಪ್ಪೆ ಹಾಗೂ ಸುತ್ತಲಿನ ಪ್ರದೇಶಗಳ ನಾಗರಿಕರು ಸೇವಾ ಸಿಂಧು ಜಾಲತಾಣದ ಮೂಲಕ ಮನೆಯಿಂದಲೇ ಅರ್ಜಿ ಸಲ್ಲಿಸಬಹುದಾಗಿದೆ. ಕರ್ನಾಟಕ ಸಕಾಲ ಸೇವೆಗಳ ಅಧಿನಿಯಮ, 2011ರ ವ್ಯಾಪ್ತಿಯ ಸೇವೆಗಳಿಗೆ ಕಾಲಮಿತಿಯು ಅರ್ಜಿ ಸ್ವೀಕೃತವಾದ ನಂತರವೇ ಅನ್ವಯವಾಗುತ್ತದೆ. ಆದ್ದರಿಂದ ಸಂಪರ್ಕ ಕಡಿತಗೊಂಡು ಅರ್ಜಿ ಅಪೂರ್ಣವಾಗಿ ಉಳಿಯದಂತೆ ಎಚ್ಚರ ವಹಿಸುವುದು ಅವಶ್ಯಕ.

1. ದೋಷವಿರುವ ಸ್ಥಳವನ್ನು ಗುರುತಿಸುವುದು
ಅದೇ ವೈ-ಫೈಗೆ ಮೊಬೈಲ್ ಫೋನನ್ನು ಜೋಡಿಸಿ, ಫೋನಿನ ಮೊಬೈಲ್ ಡೇಟಾ ಸ್ಥಗಿತಗೊಳಿಸಿ, ಯಾವುದಾದರೂ ಜಾಲತಾಣವನ್ನು ತೆರೆದು ನೋಡುವುದು.
ಅ) ಫೋನಿನಲ್ಲಿ ತೆರೆದರೆ ದೋಷವು ಟ್ಯಾಬ್ಲೆಟ್‌ನಲ್ಲಿದೆ.
ಆ) ಫೋನಿನಲ್ಲಿಯೂ ತೆರೆಯದಿದ್ದರೆ ದೋಷವು ರೂಟರ್ ಅಥವಾ ಸೇವಾದಾರ ಸಂಸ್ಥೆಯ ಮಾರ್ಗದಲ್ಲಿದೆ.
ಇ) ಇತರ ಜಾಲತಾಣಗಳು ತೆರೆದು, ಅರ್ಜಿಯ ಜಾಲತಾಣ ಮಾತ್ರ ಎರಡರಲ್ಲೂ ತೆರೆಯದಿದ್ದರೆ ಸ್ವಲ್ಪ ಸಮಯದ ನಂತರ ಪ್ರಯತ್ನಿಸುವುದು.

2. ಟ್ಯಾಬ್ಲೆಟ್‌ನಲ್ಲಿ ದೋಷವಿದ್ದಲ್ಲಿ
ಏರೋಪ್ಲೇನ್ ಮೋಡ್ ಚಾಲನೆಯಲ್ಲಿಲ್ಲವೆಂದು ಖಚಿತಪಡಿಸಿಕೊಂಡು, ಟ್ಯಾಬ್ಲೆಟ್ ಅನ್ನು ಒಮ್ಮೆ ಆರಿಸಿ ಪುನಃ ಚಾಲನೆಗೊಳಿಸುವುದು. ಪರಿಹಾರವಾಗದಿದ್ದರೆ ಉಳಿಸಿಟ್ಟ ವೈ-ಫೈ ಹೆಸರನ್ನು ತೆಗೆದುಹಾಕಿ, ಪಾಸ್‌ವರ್ಡ್ ಅನ್ನು ಹೊಸದಾಗಿ ನಮೂದಿಸುವುದು. ದಿನಾಂಕ ಮತ್ತು ಸಮಯವನ್ನೂ ಪರಿಶೀಲಿಸುವುದು. ಬಹುಕಾಲ ಬ್ಯಾಟರಿ ಖಾಲಿಯಾಗಿದ್ದ ಟ್ಯಾಬ್ಲೆಟ್‌ನಲ್ಲಿ ಇವು ತಪ್ಪಾಗಿರುವ ಸಂಭವವಿದ್ದು, ಆಗ ಸುರಕ್ಷಿತ ಜಾಲತಾಣಗಳು ತೆರೆಯುವುದಿಲ್ಲ.

3. ರೂಟರ್‌ನಲ್ಲಿ ದೋಷವಿದ್ದಲ್ಲಿ
ವಿದ್ಯುತ್ ಕಡಿತವಾದಾಗ ಟ್ಯಾಬ್ಲೆಟ್ ಬ್ಯಾಟರಿಯಿಂದ ನಡೆಯುತ್ತಿದ್ದರೂ ರೂಟರ್ ನಿಂತಿರುತ್ತದೆ. ವಿದ್ಯುತ್ ಸಂಬಂಧಿತ ದೂರನ್ನು ಬೆಸ್ಕಾಂ ಸಹಾಯವಾಣಿ 1912ಕ್ಕೆ ನೀಡಬಹುದು. ವಿದ್ಯುತ್ ಇದ್ದಲ್ಲಿ ರೂಟರ್ ಅನ್ನು ಆರಿಸಿ, ಅರ್ಧ ನಿಮಿಷದ ನಂತರ ಚಾಲನೆಗೊಳಿಸಿ, ದೀಪಗಳು ಸ್ಥಿರವಾಗುವವರೆಗೆ ಕಾಯುವುದು. ಮಹಡಿ ಮನೆಗಳಲ್ಲಿ 5 ಗಿಗಾಹರ್ಟ್ಸ್ ಸಂಕೇತವು ಗೋಡೆ ಮತ್ತು ಕಾಂಕ್ರೀಟ್ ಛಾವಣಿಯನ್ನು ದಾಟುವಾಗ ಹೆಚ್ಚು ಕ್ಷೀಣಿಸುತ್ತದೆ. ಅಂತಹ ಕಡೆ 2.4 ಗಿಗಾಹರ್ಟ್ಸ್ ಸಂಪರ್ಕವನ್ನು ಆಯ್ದುಕೊಳ್ಳುವುದು ಅಥವಾ ರೂಟರ್ ಇರುವ ಕೋಣೆಯಲ್ಲಿ ಕುಳಿತು ಅರ್ಜಿ ಭರ್ತಿ ಮಾಡುವುದು.

4. ತಾತ್ಕಾಲಿಕ ವ್ಯವಸ್ಥೆ
ಸ್ವಂತ ಮೊಬೈಲ್ ಫೋನಿನ ಹಾಟ್‌ಸ್ಪಾಟ್ ಬಳಸಬಹುದು. ಸಾರ್ವಜನಿಕ ವೈ-ಫೈ ಮೂಲಕ ಶುಲ್ಕ ಪಾವತಿಸುವುದು ಅಥವಾ ಓಟಿಪಿ ನಮೂದಿಸುವುದು ಸೂಕ್ತವಲ್ಲ.

5. ಶುಲ್ಕ ಪಾವತಿಸುವಾಗ ಸಂಪರ್ಕ ಕಡಿತಗೊಂಡಲ್ಲಿ
ತಕ್ಷಣವೇ ಎರಡನೆಯ ಬಾರಿ ಪಾವತಿಸಬಾರದು. ಮೊದಲು ಬ್ಯಾಂಕ್ ಖಾತೆಯಿಂದ ಹಣ ಕಡಿತವಾಗಿದೆಯೇ ಎಂದು ನೋಡುವುದು. ಬಳಿಕ ಜಾಲತಾಣಕ್ಕೆ ಪುನಃ ಪ್ರವೇಶಿಸಿ ಅರ್ಜಿಯ ಸ್ಥಿತಿಯನ್ನು ಪರಿಶೀಲಿಸುವುದು. ಹಣ ಕಡಿತವಾಗಿದ್ದು ಅರ್ಜಿ ಅಪೂರ್ಣವೆಂದು ಕಂಡುಬಂದಲ್ಲಿ, ವಹಿವಾಟಿನ ಸಂಖ್ಯೆ ಹಾಗೂ ದಿನಾಂಕವನ್ನು ಬರೆದಿಟ್ಟುಕೊಂಡು ಸಹಾಯವಾಣಿಯನ್ನು ಸಂಪರ್ಕಿಸುವುದು.

ಸ್ವೀಕೃತಿ ಸಂಖ್ಯೆ ದೊರೆಯುವವರೆಗೆ ಅರ್ಜಿ ಸಲ್ಲಿಕೆಯಾಗಿದೆಯೆಂದು ಭಾವಿಸತಕ್ಕದ್ದಲ್ಲ. ಸೇವೆ ವಿಳಂಬವಾದಲ್ಲಿ ಅಧಿನಿಯಮದಂತೆ ದಿನಕ್ಕೆ 20 ರೂ.ನಂತೆ ಗರಿಷ್ಠ 500 ರೂ.ವರೆಗೆ ಪರಿಹಾರ ವೆಚ್ಚ ಕೋರಲು ಈ ಸಂಖ್ಯೆಯೇ ಆಧಾರ. ಆದುದರಿಂದ ಸ್ವೀಕೃತಿ ಪತ್ರವನ್ನು ಟ್ಯಾಬ್ಲೆಟ್‌ನಲ್ಲಿ ಉಳಿಸಿಕೊಳ್ಳುವುದಲ್ಲದೆ, ಸಂಖ್ಯೆಯನ್ನು ಕಾಗದದ ಮೇಲೆಯೂ ಬರೆದಿಟ್ಟುಕೊಳ್ಳತಕ್ಕದ್ದು.

ಮೇಲಿನ ಕ್ರಮಗಳಿಂದಲೂ ಸಂಪರ್ಕ ದೊರೆಯದಿದ್ದಲ್ಲಿ, ಕೊನೆಯ ದಿನಾಂಕದವರೆಗೆ ಕಾಯದೆ, ಅಗತ್ಯ ದಾಖಲೆಗಳೊಂದಿಗೆ ಸಮೀಪದ ಬೆಂಗಳೂರು ಒನ್ ಕೇಂದ್ರದಲ್ಲಿ ವಿಚಾರಿಸಿ ಅರ್ಜಿ ಸಲ್ಲಿಸಲು ಕೋರಲಾಗಿದೆ.